ವಿಮಾನದ ಮೂಗಿಗೆ ಪುಕ್ಕಟೆ ಗಾಳಿ: ಲಾಭ ಎಷ್ಟು?

ಭಾನುವಾರ ನಮ್ಮ ಮಾಮೂ ಗ್ಯಾರೇಜಿನ ಲೆಕ್ಕ ಬರೆಯುವುದು ನನ್ನ ಕೆಲಸ. ಗ್ಯಾರೇಜ್ ಅಂದರೆ ದೊಡ್ಡದೇನಲ್ಲ. ಮೆಜೆಸ್ಟಿಕ್‌ನಿಂದ ಕಾಟನ್‌ಪೇಟೆ ಕಡೆ ಹೋಗುವ ಒಂದು ಗಲ್ಲಿಯಲ್ಲಿ ಒಂದು ಶಟರ್, ಹೊರಗೆ ನಾಲ್ಕು ಗಾಡಿ ನಿಲ್ಲಿಸುವಷ್ಟು ಜಾಗ. ಕಳೆದ ವರ್ಷ ಆ ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದ ಒಂದು ಸಾಲು ಹೀಗಿದೆ: ಬೋರಿಂಗ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಲೇಬರ್, ಒಟ್ಟು ರೂ. 5,200. ಗಿರಾಕಿಯ ಹೆಸರಿನ ಜಾಗದಲ್ಲಿ ನಮ್ಮ ಭಾಯ್ ಹೆಸರಿದೆ. ಆ ಖರ್ಚಿಗೆ ಅರ್ಧ ಕಾರಣ ನಾನು. ಅದಕ್ಕೇ ಈ ಲೇಖನ.

ಭಾಯ್ ಬೈಕಿನಲ್ಲಿ ಪಾರ್ಸೆಲ್ ಡೆಲಿವರಿ ಮಾಡುತ್ತಾನೆ. ಅದು 100 ಸಿಸಿಯ ಹಳೆಯ ಗಾಡಿ. ಒಂದು ರಾತ್ರಿ ಊಟ ಮಾಡುವಾಗ ಗಾಡಿ ಎಳೆಯುವುದೇ ಇಲ್ಲ ಎಂದು ಅಬ್ಬಾ ಹತ್ತಿರ ಹೇಳುತ್ತಿದ್ದ. ನಾನು ಆಗಷ್ಟೇ ಒಂದು ವಿಡಿಯೋ ನೋಡಿದ್ದೆ. ನನಗೆ ತಿಳಿದದ್ದನ್ನು ಹೇಳದೆ ಇರಲಾಗುವುದಿಲ್ಲ, ನನ್ನ ಕ್ಲಾಸಿನವರಿಗೆ ಇದು ಗೊತ್ತು. "ವಿಮಾನದಲ್ಲಿ ರ‍್ಯಾಮ್ ಏರ್ ಅಂತ ಇರುತ್ತದೆ ಭಾಯ್, ಎದುರಿನ ಗಾಳಿಯೇ ಇಂಜಿನ್ನಿನೊಳಗೆ ನುಗ್ಗಿ ಪವರ್ ಜಾಸ್ತಿ ಮಾಡುತ್ತದೆ, ಪೆಟ್ರೋಲ್ ಪಂಪಿನಲ್ಲಿ ದುಡ್ಡು ಕೊಡುವಂತೆ ಗಾಳಿಗೇನೂ ಕೊಡಬೇಕಾಗಿಲ್ಲ" ಎಂದೆ. ಒಂದು ವಾರದಲ್ಲಿ ಅವನು ಎಲ್ಲಿಂದಲೋ ಒಂದು ಸ್ಕೂಪ್ ತಂದ. ಅಗಲ ಬಾಯಿ, ಸಣ್ಣ ಕುತ್ತಿಗೆ, ಮೇಲೆ ಕೆಂಪು ಬಣ್ಣ. ಬೆಲೆ ರೂ. 1,350, ಕೂರಿಸಲು ಇನ್ನೂ 200. ಮಾಮೂಗೆ ತೋರಿಸಲಿಲ್ಲ. ಕೂರಿಸಿದವರು ಏರ್ ಫಿಲ್ಟರ್ ತೆಗೆದು ಅದರ ಜಾಗಕ್ಕೇ ಇದನ್ನು ಹಾಕಿಕೊಟ್ಟರು.

ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ವಿಮಾನದ ವಿಷಯ. ನಾನು ಹೇಳಿದ್ದು ಸುಳ್ಳಲ್ಲ. ಆದರೆ 'ಎಷ್ಟು' ಎಂದು ನಾನು ಕೇಳಿಕೊಂಡಿರಲಿಲ್ಲ. ಕಾಮರ್ಸ್ ಓದುವವಳಿಗೆ ಮೊದಲು ಬರಬೇಕಾದ ಪ್ರಶ್ನೆಯೇ ಅದು.

ರ‍್ಯಾಮ್ ಅಂದರೆ ಇಂಗ್ಲಿಷಿನಲ್ಲಿ ಟಗರು. ತಲೆಯಿಂದ ಗುದ್ದುವುದು ಎಂಬ ಅರ್ಥವೂ ಇದೆ. ಯಲಹಂಕದ ಖಾಲಾ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯ ಹತ್ತಿರ ಅಂಗೈಯನ್ನು ಗಾಳಿಗೆ ಎದುರಾಗಿ ಹಿಡಿದರೆ ಆ ಗುದ್ದು ತಿಳಿಯುತ್ತದೆ. (ಕೈ ಹೊರಗೆ ಹಾಕಬೇಡಿ, ಕಂಡಕ್ಟರ್ ಬೈಯುವುದು ಸರಿಯಾಗಿಯೇ ಇದೆ.) ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಅಂಗೈ ಮೇಲೆ ಬೀಳುವ ಗಾಳಿಯ ಒತ್ತು ಹೆಚ್ಚುಕಡಿಮೆ 100 ಗ್ರಾಂ ತೂಕದಷ್ಟು. 80ಕ್ಕೆ ಹೋದರೆ 200 ಗ್ರಾಂ ಅಂದುಕೊಂಡಿರಾ? 400 ಗ್ರಾಂ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು, ವೇಗ ಮೂರರಷ್ಟಾದರೆ ಒಂಬತ್ತರಷ್ಟು. ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ಸ್ಟಾಫ್ ರೂಮಿನಲ್ಲಿ ಚೀಟಿಯ ಹಿಂದೆ ಬರೆದುಕೊಟ್ಟ ಸೂತ್ರ ಇಷ್ಟೇ: ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಸೈನ್ಸ್ ಸೆಕ್ಷನ್ನಿನವರಿಗೆ ಬರ್ನೂಲಿ ಪಾಠದಲ್ಲಿ ಇದು ಬಂದೇ ಇರುತ್ತದೆ. ವಿಮಾನದ ರೆಕ್ಕೆಯ ಕೆಳಗೋ ಮೂಗಿನ ಹತ್ತಿರವೋ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆಗೆ ಪಿಟೋ ಟ್ಯೂಬ್ ಅನ್ನುತ್ತಾರೆ. ಪೈಲಟ್ ಮುಂದಿರುವ ವೇಗದ ಮೀಟರ್ ನಿಜವಾಗಿ ಅಳೆಯುವುದು ಈ ಗುದ್ದಿನ ಒತ್ತಡವನ್ನೇ. ಅಂದರೆ ರ‍್ಯಾಮ್ ಏರ್ ಹೊಸ ಸಂಶೋಧನೆಯೇನಲ್ಲ. ಪ್ರತಿ ವಿಮಾನವೂ ಪ್ರತಿ ಕ್ಷಣ ಅದರ ಲೆಕ್ಕ ಇಡುತ್ತಲೇ ಇರುತ್ತದೆ.

ಗಾಳಿಯ ಒತ್ತಡ ಹೆಚ್ಚಾದರೆ ಇಂಜಿನ್ನಿಗೆ ಏನು ಲಾಭ? ಸಿಲಿಂಡರ್ ಅಂದರೆ ಅಳತೆಯ ಡಬ್ಬ. ಅದರ ಗಾತ್ರ ಬದಲಾಗುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಡಬ್ಬ ತುಂಬುವಷ್ಟು ಗಾಳಿ ಬರುತ್ತದೆ. ಒತ್ತಡ ಜಾಸ್ತಿ ಇದ್ದರೆ ಅದೇ ಡಬ್ಬದಲ್ಲಿ ಹೆಚ್ಚು ತೂಕದ ಗಾಳಿ ಹಿಡಿಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸಬಹುದು, ಅಷ್ಟು ಹೆಚ್ಚು ಶಕ್ತಿ. ಪಂಕ್ಚರ್ ಅಂಗಡಿಯಲ್ಲಿ ಟೈರಿಗೆ 'ಹವಾ' ತುಂಬಿಸುತ್ತೇವಲ್ಲ, ಹಾಗೆ. ಈ ಹವಾ ಪದ ನಮ್ಮ ಮನೆಯ ಉರ್ದುವಿನಲ್ಲೂ ಇದೆ, ಅಂಗಡಿಯ ಕನ್ನಡದಲ್ಲೂ ಇದೆ, ಹವಾಮಾನ ವರದಿಯಲ್ಲೂ ಇದೆ. ಗಾಳಿ ಎಲ್ಲರದೂ ಅಂತ ಇರಬೇಕು.

ಈಗ ನಮ್ಮ ಊರಿನದೇ ಒಂದು ವಿಮಾನ ತೆಗೆದುಕೊಳ್ಳೋಣ. ಎಚ್‌ಎಎಲ್ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರಿಂದ, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಅಲ್ಲಿ ತಯಾರಾದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಆಮೇಲೆ ಬಂದದ್ದು 'ಪುಷ್ಪಕ್'. 1958ರಲ್ಲಿ ಮೊದಲ ಹಾರಾಟ. ಎರಡು ಸೀಟು, ಮೇಲೆ ರೆಕ್ಕೆ, ಮುಂದೆ ಒಂದು ಪ್ರೊಪೆಲ್ಲರ್. ನೂರಕ್ಕೂ ಹೆಚ್ಚು ಪುಷ್ಪಕ್‌ಗಳು ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಅದರ ಇಂಜಿನ್ ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಸಿ-90, ನಾಲ್ಕು ಸಿಲಿಂಡರ್, 90 ಎಚ್‌ಪಿ. ನಮ್ಮ ಭಾಯ್ ಬೈಕಿನ ಹನ್ನೊಂದರಷ್ಟು, ಅಷ್ಟೇ.

ಆ ಇಂಜಿನ್ನಿನ ಹೊಟ್ಟೆ 3.3 ಲೀಟರ್. ಎರಡು ಸುತ್ತಿಗೆ ಒಂದು ಸಲ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2,475 ಸುತ್ತಿನ ಲೆಕ್ಕ ಹಾಕಿದರೆ, ಸಿಲಿಂಡರ್ ಪೂರ್ತಿ ತುಂಬುತ್ತದೆ ಎಂದುಕೊಂಡರೆ, ನಿಮಿಷಕ್ಕೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ನಮ್ಮ ಗಲ್ಲಿಗೆ ಟ್ರ್ಯಾಕ್ಟರ್ ಎಳೆದುಕೊಂಡು ಬರುವ ನೀರಿನ ಟ್ಯಾಂಕರ್ ಇದೆಯಲ್ಲ, ಅಂಥದ್ದೊಂದು ಟ್ಯಾಂಕರ್ ಗಾಳಿ, ಪ್ರತಿ ನಿಮಿಷ.

ಸಮುದ್ರ ಮಟ್ಟದಲ್ಲಿ ಅಷ್ಟು ಗಾಳಿಯ ತೂಕ ಸುಮಾರು 5 ಕೆ.ಜಿ. ಬೆಂಗಳೂರಿನಲ್ಲಿ ಸುಮಾರು 4.3 ಕೆ.ಜಿ. ಮಾತ್ರ. ಯಾಕೆಂದರೆ ನಾವು 900 ಮೀಟರ್‌ಗಿಂತ ಎತ್ತರದಲ್ಲಿದ್ದೇವೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 1013 ಹೆಕ್ಟೋಪಾಸ್ಕಲ್ ಇದ್ದರೆ ಇಲ್ಲಿ 910ರ ಆಸುಪಾಸು. ಮೊಬೈಲಿನ ಹವಾಮಾನ ಆ್ಯಪ್ ನೋಡಿ ಬೆಂಗಳೂರಿನಲ್ಲೂ 1012 ಅಂತ ತೋರಿಸುತ್ತದಲ್ಲ ಎಂದು ನಾನು ಮೇಡಂ ಹತ್ತಿರ ವಾದ ಮಾಡಿದೆ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುವ ಅಂಕಿ, ಊರಿಂದೂರಿಗೆ ಹೋಲಿಸಲು ಅನುಕೂಲ ಆಗಲಿ ಅಂತ. ನಿಜವಾಗಿ ನಮ್ಮ ಮೂಗಿನ ಮುಂದೆ ಇರುವುದು 910. ಕೆಲವು ಫೋನುಗಳಲ್ಲಿ ಬ್ಯಾರೋಮೀಟರ್ ಇರುತ್ತದೆ, ನೋಡಿ ಬೇಕಾದರೆ.

ಹೀಗಾಗಿ 90 ಎಚ್‌ಪಿ ಇಂಜಿನ್ ಬೆಂಗಳೂರಿನ ರನ್‌ವೇ ಮೇಲೆ ನಿಂತಾಗಲೇ ಹೆಚ್ಚುಕಡಿಮೆ 76 ಎಚ್‌ಪಿ ಇಂಜಿನ್ ಆಗಿರುತ್ತದೆ. ಸುಮಾರು 14 ಎಚ್‌ಪಿ ಓಪನಿಂಗ್ ಬ್ಯಾಲೆನ್ಸ್‌ನಲ್ಲೇ ನಷ್ಟ.

ಈಗ ರ‍್ಯಾಮ್ ಏರ್ ಎಷ್ಟು ವಾಪಸ್ ಕೊಡುತ್ತದೆ ನೋಡೋಣ. ಪುಷ್ಪಕ್ ಗಂಟೆಗೆ ಸುಮಾರು 140 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಎದುರಿನ ಗಾಳಿಯ ಗುದ್ದು ಒಂದಿಷ್ಟೂ ಪೋಲಾಗದೆ ಇಂಜಿನ್ ಒಳಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಗಾಳಿಯಲ್ಲಿ ಅದು 8 ಹೆಕ್ಟೋಪಾಸ್ಕಲ್. 910ಕ್ಕೆ 8, ಅಂದರೆ ನೂರಕ್ಕೆ ಒಂದೂ ಇಲ್ಲ. ಟ್ಯಾಂಕರಿನ 4.3 ಕೆ.ಜಿ. ಗಾಳಿಗೆ 40 ಗ್ರಾಂ ಒಳಗೆ ಸೇರುತ್ತದೆ. 76 ಎಚ್‌ಪಿಗೆ ಮುಕ್ಕಾಲು ಎಚ್‌ಪಿಯೂ ಸೇರುವುದಿಲ್ಲ. ಎತ್ತರ 14 ಕಿತ್ತುಕೊಂಡಿತು, ರ‍್ಯಾಮ್ ಮುಕ್ಕಾಲಿಗಿಂತ ಕಡಿಮೆ ವಾಪಸ್ ಕೊಟ್ಟಿತು.

ಈ ಉತ್ತರ ಬಂದಾಗ ನಾನು ಎಲ್ಲೋ ದಶಮಾಂಶ ತಪ್ಪಿದೆ ಎಂದುಕೊಂಡು ಮೂರು ಸಲ ಕ್ಯಾಲ್ಕುಲೇಟರ್ ಒತ್ತಿದೆ. ತಪ್ಪಿರಲಿಲ್ಲ.

ಅದೂ ಇನ್ನೂ ಗ್ರಾಸ್ ಲಾಭ. ಕಳೆಯಬೇಕಾದ್ದು ಬಹಳ ಇದೆ. ಗಾಳಿ ಇಂಜಿನ್ ತಲುಪುವ ಮುಂಚೆ ಫಿಲ್ಟರ್ ದಾಟಬೇಕು, ಪೈಪಿನಲ್ಲಿ ಒಂದೆರಡು ತಿರುವು ತಿರುಗಬೇಕು, ಕಾರ್ಬುರೇಟರಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ ನುಸುಳಬೇಕು. ಪ್ರತಿ ಕಡೆಯೂ ಸ್ವಲ್ಪ ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯೂ ಆಗುತ್ತದೆ, ಬಿಸಿ ಗಾಳಿ ಹಗುರ. (ಇದು ಈ ವೇಗದಲ್ಲಿ ಒಂದು ಡಿಗ್ರಿಯೂ ಇಲ್ಲ, ಬಿಡಿ.) ಇಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ತೋರಿಸಲು ಮ್ಯಾನಿಫೋಲ್ಡ್ ಪ್ರೆಶರ್ ಎಂಬ ಮೀಟರ್ ಕೆಲವು ವಿಮಾನಗಳಲ್ಲಿ ಇರುತ್ತದೆ. ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಅದರ ಮುಳ್ಳು ಸಾಮಾನ್ಯವಾಗಿ ಹೊರಗಿನ ಒತ್ತಡಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಸಣ್ಣ ವಿಮಾನದಲ್ಲಿ ರ‍್ಯಾಮ್ ಏರ್ ಮಾಡುವ ನಿಜವಾದ ಕೆಲಸ ಲಾಭ ತರುವುದಲ್ಲ, ಫಿಲ್ಟರ್ ಮತ್ತು ಪೈಪಿನ ನಷ್ಟದಲ್ಲಿ ಒಂದು ಪಾಲು ತುಂಬಿಕೊಡುವುದು.

ಹಾಗಾದರೆ ಫಿಲ್ಟರ್ ತೆಗೆದುಬಿಟ್ಟರೆ? ಈ ಯೋಚನೆ ಭಾಯ್‌ಗೆ ಮೊದಲೇ ವಿಮಾನದವರಿಗೂ ಬಂದಿತ್ತು. ಅಮೆರಿಕದ ಮೂನಿ ಕಂಪನಿಯ 200 ಎಚ್‌ಪಿಯ ಕೆಲವು ವಿಮಾನಗಳಲ್ಲಿ ಫಿಲ್ಟರನ್ನು ಬಳಸಿಕೊಂಡು ಹೋಗದೆ ನೇರವಾಗಿ ಗಾಳಿ ಬಿಡುವ ಒಂದು ಸಣ್ಣ ಬಾಗಿಲು ಇತ್ತು, ಪೈಲಟ್ ಒಳಗಿನಿಂದಲೇ ತೆರೆಯಬಹುದಿತ್ತು. ಮೂನಿ ಸಣ್ಣ ವಿಮಾನಗಳಲ್ಲಿ ಚುರುಕಾದದ್ದು, ಗಂಟೆಗೆ 300 ಕಿ.ಮೀ. ಹತ್ತಿರ ಹೋಗುತ್ತದೆ. 140ರ ಎರಡರಷ್ಟಕ್ಕಿಂತ ಹೆಚ್ಚು ವೇಗ, ಹಾಗಾಗಿ ಗುದ್ದು ನಾಲ್ಕರಷ್ಟು. 2,400 ಮೀಟರ್ ಎತ್ತರದಲ್ಲಿ ಲೆಕ್ಕ ಹಾಕಿದರೆ 32 ಹೆಕ್ಟೋಪಾಸ್ಕಲ್, ಅಲ್ಲಿನ ಒತ್ತಡದ ಶೇಕಡಾ 4. ಇದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಮೊತ್ತ. ಆದರೆ ಬಾಗಿಲು ತೆರೆದಾಗ ಮುಳ್ಳು ಅಷ್ಟು ಏರುವುದಿಲ್ಲ, ಯಾಕೆಂದರೆ ಫಿಲ್ಟರ್ ಮೂಲಕವೂ ಸ್ವಲ್ಪ ಗುದ್ದು ಆಗಲೇ ಬರುತ್ತಿರುತ್ತದೆ. ಮತ್ತೆ ಆ ಬಾಗಿಲಿಗೆ ನಿಯಮ ಇತ್ತು: ನೆಲದ ಮೇಲೆ, ಟೇಕಾಫ್‌ನಲ್ಲಿ, ಲ್ಯಾಂಡಿಂಗ್‌ನಲ್ಲಿ ಮುಚ್ಚಿರಬೇಕು. ಧೂಳಿಲ್ಲದ ಎತ್ತರದಲ್ಲಿ ಮಾತ್ರ ತೆರೆಯಬೇಕು. ಮುಂದೆ ಫಿಲ್ಟರಿನ ದಾರಿಯನ್ನೇ ಚೆನ್ನಾಗಿ ಮಾಡಿದ ಮೇಲೆ ಬಾಗಿಲಿನ ಲಾಭ ಉಳಿಯಲಿಲ್ಲ, ಕಂಪನಿ ಅದನ್ನು ಕೈಬಿಟ್ಟಿತು.

ಗಂಟೆಗೆ 600 ಕಿ.ಮೀ. ಹೋಗುತ್ತಿದ್ದ ಎರಡನೇ ಮಹಾಯುದ್ಧದ ಫೈಟರ್‌ಗಳ ಕಥೆ ಬೇರೆ. 150ರಲ್ಲಿ ಶೇಕಡಾ 1 ಸಿಕ್ಕರೆ 600ರಲ್ಲಿ ಅದರ ಹದಿನಾರರಷ್ಟು. ಅವುಗಳಿಗೆ ರ‍್ಯಾಮ್ ಏರ್ ದೊಡ್ಡ ಆಸ್ತಿ. ಫ್ಲೈಯಿಂಗ್ ಕ್ಲಬ್ ವಿಮಾನಕ್ಕೆ ಚಿಲ್ಲರೆ.

ಇನ್ನೊಂದು ವಿಷಯ ನನಗೆ ಹೊಳೆದದ್ದು ಬಸ್ಸಿನಲ್ಲಿ. ಮೆಜೆಸ್ಟಿಕ್‌ನಿಂದ ಯಲಹಂಕ ಬಸ್ ಹತ್ತಿದರೆ ಹೆಬ್ಬಾಳ ದಾಟಿದ ಮೇಲೆ ಬಲಗಡೆ ಜಕ್ಕೂರು ವಿಮಾನ ಮೈದಾನ ಬರುತ್ತದೆ. ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ ಇರುವುದು ಅಲ್ಲೇ. ಅದೃಷ್ಟ ಇದ್ದರೆ ಒಂದು ಸಣ್ಣ ವಿಮಾನ ಏಳುವುದು ಕಾಣುತ್ತದೆ. ವಿಮಾನಕ್ಕೆ ಶಕ್ತಿ ಅತಿ ಹೆಚ್ಚು ಬೇಕಾಗುವುದು ಆ ಹೊತ್ತಿನಲ್ಲೇ, ರನ್‌ವೇ ಮುಗಿಯುವುದರೊಳಗೆ ಏಳಬೇಕು. ಓಟ ಶುರುವಾಗುವಾಗ ವೇಗ ಸೊನ್ನೆ, ಆದ್ದರಿಂದ ಈ ಗುದ್ದೂ ಸೊನ್ನೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿಯಿಂದ ಸ್ವಲ್ಪ ಸಿಕ್ಕರೆ ಸಿಕ್ಕಿತು. ನೆಲ ಬಿಡುವಾಗ ವೇಗ 70 ಕಿ.ಮೀ. ಅಂದರೂ 2 ಹೆಕ್ಟೋಪಾಸ್ಕಲ್. ಹಸಿದಾಗ ಕೊಡದೆ ಹೊಟ್ಟೆ ತುಂಬಿದ ಮೇಲೆ ಬಡಿಸುವ ನೆಂಟರ ಹಾಗೆ ಈ ರ‍್ಯಾಮ್ ಏರ್.

ಬೆಂಗಳೂರಿನ ವಿಜ್ಞಾನಿಗಳು ಇದಕ್ಕೆ ಬೇರೆ ದಾರಿ ಹಿಡಿದಿದ್ದರು. ಇಲ್ಲಿನ ಎನ್‌ಎಎಲ್ ಸಂಸ್ಥೆ ತಯಾರಿಸಿದ ಎರಡು ಸೀಟಿನ ವಿಮಾನ 'ಹನ್ಸಾ' 1993ರಲ್ಲಿ ಮೊದಲ ಸಲ ಹಾರಿತು. ಆಮೇಲೆ ಬಂದ ಹನ್ಸಾ-3ರಲ್ಲಿ ರೋಟಾಕ್ಸ್ 914 ಇಂಜಿನ್. ಅದಕ್ಕೆ ಟರ್ಬೊಚಾರ್ಜರ್ ಇದೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ಒಂದು ಸಣ್ಣ ಚಕ್ರ ತಿರುಗುತ್ತದೆ, ಆ ಚಕ್ರ ಇನ್ನೊಂದು ಚಕ್ರ ತಿರುಗಿಸಿ ಹೊಸ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಟೇಕಾಫ್‌ನಲ್ಲಿ ಒಳಗಿನ ಒತ್ತಡ 1300 ಹೆಕ್ಟೋಪಾಸ್ಕಲ್ ಆಸುಪಾಸಿಗೆ ಏರುತ್ತದೆ, 115 ಎಚ್‌ಪಿ ಸಿಗುತ್ತದೆ, ಅದೂ ವಿಮಾನ ಇನ್ನೂ ನೆಲದ ಮೇಲಿರುವಾಗಲೇ. 910ರಿಂದ 1300 ಎಲ್ಲಿ, 910ರಿಂದ 918 ಎಲ್ಲಿ? ಆದರೆ ಟರ್ಬೊ ಪುಕ್ಕಟೆ ಅಲ್ಲ. ತೂಕ ಇದೆ, ಬೆಲೆ ಇದೆ, ಬಿಸಿ ಇದೆ, ಸರ್ವಿಸ್ ಇದೆ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾರಿದ ಹೊಸ ಹನ್ಸಾ-ಎನ್‌ಜಿಯಲ್ಲಿ ಟರ್ಬೊ ಇಲ್ಲದ ರೋಟಾಕ್ಸ್ 912 ಇಂಜಿನ್ ಹಾಕಿದ್ದಾರೆ. ಯಾವುದು ಜಾಣತನ ಎನ್ನುವುದು ವಿಮಾನವನ್ನು ಯಾವ ಕೆಲಸಕ್ಕೆ ಕೊಳ್ಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಈಗ ಭಾಯ್ ಬೈಕ್.

ಗಂಟೆಗೆ 60 ಕಿ.ಮೀ.ನಲ್ಲಿ ಗಾಳಿಯ ಗುದ್ದು 1.5 ಹೆಕ್ಟೋಪಾಸ್ಕಲ್. 910ಕ್ಕೆ ಹೋಲಿಸಿದರೆ ಶೇಕಡಾ 0.16. ಅವನ ಗಾಡಿ ಬೆಂಗಳೂರಿನಲ್ಲಿ 7 ಎಚ್‌ಪಿ ಕೊಡುತ್ತದೆ ಅಂದುಕೊಂಡರೆ ಸ್ಕೂಪಿನಿಂದ ಸಿಗುವ ಹೆಚ್ಚಿನ ಶಕ್ತಿ ಸುಮಾರು 8 ವ್ಯಾಟ್. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬ್ 9 ವ್ಯಾಟಿನದು. ಮೈಸೂರು ಬ್ಯಾಂಕ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ 30ರಲ್ಲಿ ಹೋದರೆ 2 ವ್ಯಾಟ್. ಬೈಕಿನಲ್ಲಿ ಇದು ಎಂದೂ ಆಗದ ಕೆಲಸ ಅಂತಲ್ಲ. 1990ರಲ್ಲಿ ಕವಾಸಾಕಿ ಕಂಪನಿ ರ‍್ಯಾಮ್ ಏರ್ ಇರುವ ದೊಡ್ಡ ಬೈಕನ್ನು ಮಾರುಕಟ್ಟೆಗೇ ತಂದಿತ್ತು. ಆದರೆ ಅದು 1,052 ಸಿಸಿ, ಗಂಟೆಗೆ 270 ಕಿ.ಮೀ. ದಾಟುವ ಗಾಡಿ. ವೇಗದ ವರ್ಗ ಎಂದೆನಲ್ಲ.

ಎರಡು ವಾರ ಭಾಯ್ "ಈಗ ಎಳೀತಿದೆ" ಅಂದ. ಸದ್ದು ಜೋರಾಗಿತ್ತು, ಅದಕ್ಕೇ ಹಾಗನಿಸಿರಬೇಕು. ಆಮೇಲೆ ಫ್ಲೈಓವರ್ ಮೇಲೆ ಎದುರುಗಾಳಿ ಬಂದಾಗಲೆಲ್ಲ ಇಂಜಿನ್ ಬಿಕ್ಕತೊಡಗಿತು. ಇದಕ್ಕೂ ಕಾರಣ ಇದೆ. ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಬಟ್ಟಲಿನೊಳಗಿನ ಒತ್ತಡಕ್ಕಿಂತ ಗಾಳಿ ಹೋಗುವ ಕುತ್ತಿಗೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಪೆಟ್ರೋಲ್ ಮೇಲಕ್ಕೆ ಬರುತ್ತದೆ. ಸ್ಕೂಪ್ ಬಾಯಿಗೆ ಗಾಳಿ ಗುದ್ದಿದಾಗ ಕುತ್ತಿಗೆಯ ಒತ್ತಡ ಏರಿತು, ಬಟ್ಟಲಿನದು ಹಾಗೇ ಇತ್ತು, ಪೆಟ್ರೋಲ್ ಕಡಿಮೆ ಬಂತು. ವಿಮಾನದ ಕಾರ್ಬುರೇಟರಿನಲ್ಲಿ ಬಟ್ಟಲಿಗೂ ಗಾಳಿ ಬರುವ ದಾರಿಯಿಂದಲೇ ಒತ್ತಡ ಕೊಟ್ಟಿರುತ್ತಾರೆ, ಎರಡೂ ಒಟ್ಟಿಗೆ ಏರುತ್ತವೆ. ಸ್ಕೂಪ್ ಕೂರಿಸಿದವರಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಹೊಗೆ ಶುರುವಾಯಿತು. ಕೊನೆಗೆ ಗಾಡಿ ತಳ್ಳಿಕೊಂಡು ಮಾಮೂ ಹತ್ತಿರ ಬಂದ. ಮಾಮೂ ಸ್ಕೂಪ್ ಕಿತ್ತು, ಕಾರ್ಬುರೇಟರಿನ ಬಾಯೊಳಗೆ ಬೆರಳು ಹಾಕಿ ತೆಗೆದು ನನ್ನ ಮುಂದೆ ಹಿಡಿದರು. ಪೆಟ್ರೋಲಿನಲ್ಲಿ ಕಲಸಿದ ನುಣ್ಣಗಿನ ಮಣ್ಣು. ನಮ್ಮ ಕಡೆ ವರ್ಷವಿಡೀ ರಸ್ತೆ ಅಗೆಯುತ್ತಲೇ ಇರುತ್ತಾರೆ, ಆ ಧೂಳೆಲ್ಲ ಫಿಲ್ಟರಿಲ್ಲದ ಬಾಯಿಗೆ ನೇರವಾಗಿ ಹೋಗಿತ್ತು. ಮೂನಿಯ ಪೈಲಟ್ ಎರಡು ಸಾವಿರ ಮೀಟರ್ ಮೇಲೆ ತೆರೆಯುತ್ತಿದ್ದ ಬಾಗಿಲನ್ನು ನಾವು ಮೆಜೆಸ್ಟಿಕ್‌ನಲ್ಲಿ ನೆಲದಿಂದ ಎರಡಡಿ ಮೇಲೆ ತೆರೆದಿಟ್ಟಿದ್ದೆವು. ಸಿಲಿಂಡರ್ ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು.

"ಹವಾ ಮುಫ್ತ್ ಹೈ ಬೇಟಾ, ಧೂಲ್ ಭೀ ಮುಫ್ತ್ ಹೈ" ಅಂದರು ಮಾಮೂ. ಗಾಳಿ ಪುಕ್ಕಟೆ, ಧೂಳೂ ಪುಕ್ಕಟೆ. ಬೈಯಲಿಲ್ಲ. ಲೇಬರ್ ಬಿಟ್ಟುಬಿಡುತ್ತೇನೆ ಅಂದರು, ಅಬ್ಬಾ ಒಪ್ಪಲಿಲ್ಲ.

ನಾಲ್ಕು ದಿನ ಗಾಡಿ ಇಲ್ಲದೆ ಭಾಯ್ ಮನೆಯಲ್ಲಿ ಕೂತ. ದಿನಕ್ಕೆ 700 ಎಂದರೂ 2,800 ಹೋಯಿತು. ಸ್ಕೂಪಿನ 1,550, ರಿಪೇರಿಯ 5,200 ಸೇರಿಸಿದರೆ ರೂ. 9,550. ಇದನ್ನು 8 ವ್ಯಾಟಿನಿಂದ ಭಾಗಿಸಿ ನೋಡಿದೆ: ವ್ಯಾಟಿಗೆ ಸುಮಾರು 1,200 ರೂಪಾಯಿ. ಆ ಚೀಟಿಯನ್ನು ಭಾಯ್‌ಗೆ ತೋರಿಸಿ, ವಿಮಾನದ ವಿಷಯ ನಾನು ಅರ್ಧ ಓದಿ ಹೇಳಿದ್ದೆ ಅಂತ ಒಪ್ಪಿಕೊಂಡೆ. ಅವನು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, "ಹಾಗಾದರೆ ಗಾಡಿ ಎಳೀದೇ ಇದ್ದಿದ್ದು ಯಾಕೆ?" ಎಂದು ಕೇಳಿದ. ಮಾಮೂ ಹಳೆಯ ಫಿಲ್ಟರ್ ಎತ್ತಿ ತೋರಿಸಿದರು. ಅದು ಕಟ್ಟಿಕೊಂಡು ಕಪ್ಪಾಗಿತ್ತು. ಹೊಸದಕ್ಕೆ 180 ರೂಪಾಯಿ.

ಕೆಂಪು ಸ್ಕೂಪ್ ಈಗಲೂ ಗ್ಯಾರೇಜಿನಲ್ಲಿದೆ. ಅಗಲ ಬಾಯಿ, ಸಣ್ಣ ಕುತ್ತಿಗೆ ಅಂದೆನಲ್ಲ, ಇಂಜಿನ್ ಆಯಿಲ್ ಸುರಿಯಲು ಲಾಳಿಕೆ ಮಾಡಿಕೊಂಡಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಅದನ್ನು ಯಾವ ತಲೆಬರಹದಡಿ ತೋರಿಸಬೇಕು, ಸವಕಳಿ ಎಷ್ಟು ಕಳೆಯಬೇಕು ಎಂದು ಅಕೌಂಟೆನ್ಸಿ ಸರ್ ಅವರನ್ನು ಕೇಳಿದ್ದೇನೆ. ಅವರು ಇನ್ನೂ ನಗುತ್ತಿದ್ದಾರೆ.